ಗಿರಣಿಯವನ ಕಿವಿ

ಸಂಜೆ ದೀಪ ಹಚ್ಚುವ ಹೊತ್ತಾಯಿತೆಂದರೆ ಸಾಕು, ಆ ಮನೆಯ ಕೂಸು ರಾಗ ತೆಗೆಯುತ್ತಿತ್ತು. ಅದೇನು ಸಣ್ಣಪುಟ್ಟ ರಾಗವೇ? ಕಾಲು ಹೊಟ್ಟೆಗೆ ಮಡಚಿಕೊಂಡು, ಮುಷ್ಟಿ ಬಿಗಿದು, ಉಸಿರು ಕಟ್ಟಿಹೋಗುವ ಹಾಗೆ ಕಿರುಚುತ್ತಿತ್ತು. ಹಾಲು ಕೊಟ್ಟರೆ ಬೇಡ, ಎತ್ತಿಕೊಂಡರೆ ಬೇಡ, ಮಲಗಿಸಿದರಂತೂ ಕೇಳಲೇಬೇಡಿ. "ಹೊಟ್ಟೇಲಿ ಗಾಳಿ ಸೇರ್ಕೊಳ್ಳುತ್ತೆ, ಕೆಲವು ಮಕ್ಕಳು ಹೀಗೇ, ತಾನಾಗೇ ಹೋಗುತ್ತೆ" ಎಂದು ಡಾಕ್ಟರಮ್ಮ ನಕ್ಕು ಕಳಿಸಿದ್ದರು. ಅವರಿಗೇನು, ಹೇಳಿ ಕೈತೊಳೆದುಕೊಂಡರು. ಸಂಜೆಯಿಡೀ ಹೊತ್ತು ತಿರುಗುವವಳು ತಾಯಿ.

ತಂದೆ? ಆ ಪುಣ್ಯಾತ್ಮ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ. ಹಿಟ್ಟಿನ ಗಿರಣಿಯಲ್ಲಿ ಅವನ ಕೆಲಸ. ಹುಬ್ಬು, ರೆಪ್ಪೆಯೆಲ್ಲ ಹಿಟ್ಟು ಮಾಡಿಕೊಂಡು ಬರುತ್ತಿದ್ದ. ಆ ಗದ್ದಲದಲ್ಲಿ ಮಾತು ಕೇಳಿಸದೆ ಗಿರಣಿಯವರು ಕೈಸನ್ನೆಯಲ್ಲೇ ಮಾತಾಡುತ್ತಾರೆ. ಬೆರಳು ಉಜ್ಜಿದರೆ ತರಿ, ಅಂಗೈ ಸವರಿದರೆ ನುಣ್ಣಗೆ, ಮುಷ್ಟಿ ತೋರಿಸಿದರೆ ನಿಲ್ಲಿಸು. ಅಲ್ಲಿ ನಿಂತೂ ನಿಂತೂ ಕಿವಿ ಮಂದವಾಗಿದೆ ಎಂದು ಮದುವೆಯ ಹೊಸದರಲ್ಲೇ ಹೇಳಿದ್ದ. ಪಾಪ ಎಂದುಕೊಂಡ ಹೆಂಡತಿ ಆ ಸನ್ನೆಗಳನ್ನೆಲ್ಲ ಕಲಿತು ಅದರಲ್ಲೇ ಸಂಸಾರ ನಡೆಸಿದಳು. ಸನ್ನೆ ಸಾಲದ ಕಡೆ ಕೂಗಿ ಕೂಗಿ ಅವಳ ಗಂಟಲೇ ಬಿದ್ದುಹೋಗಿತ್ತು.

ಹೋದ ವಾರ ಅವಳಮ್ಮ ಬಂದವಳು ಮಗಳ ಅವತಾರ ನೋಡಿ ತಡೆಯಲಾರದೆ ಹೋದಳು.

"ಅಲ್ವೇ, ಕನ್ನಡೀಲಿ ಮುಖ ನೋಡ್ಕೊಂಡಿದ್ದೀಯಾ? ಸ್ವಲ್ಪ ದಿನ ಬಂದು ನಮ್ಮನೇಲಿರು. ಇವನು ಒಂದು ದಿನಾನಾದ್ರೂ ಎದ್ದು ಮಗೂನ ಎತ್ಕೊಂಡಿದ್ದಾನಾ?"

"ಅವ್ರಿಗೆ ಕೇಳಿಸಲ್ಲಮ್ಮ. ಗಿರಣಿ ಅವ್ರ ಕಿವಿ ತಿಂದ್ಹಾಕಿದೆ."

"ಕಿವಿ ಹೋದ್ರೆ ಹೋಯ್ತು, ಕೈಗೇನು ದಾಡಿ?"

ಮಗಳಿಗೆ ಎಲ್ಲಿತ್ತೋ ಕೋಪ, ಉರಿದುಬಿದ್ದಳು. "ಅವ್ರ ಬಗ್ಗೆ ಒಂದು ಮಾತಾಡ್ಬೇಡ. ಬಾಗ್ಲು ತಟ್ಟಿದ್ರೆ ಕೇಳಿಸಲ್ಲ, ಕುಕ್ಕರ್ ಕೂಗಿದ್ರೆ ಕೇಳಿಸಲ್ಲ. ನಾನು ಬಂದ್ಬಿಟ್ರೆ ಅವ್ರನ್ನ ಯಾರು ನೋಡ್ಕೋತಾರೆ?"

ಅಮ್ಮ ಒಂದು ಲೋಟ ನೀರೂ ಕುಡಿಯದೆ ಚೀಲ ಎತ್ತಿಕೊಂಡು ಹೊರಟುಹೋದಳು. ಗಂಡನ ಮಾನ ಕಾಯಲು ಹೋಗಿ ಮಗಳು ತವರಿನ ಬಾಗಿಲನ್ನು ಕೈಯಾರೆ ಹಾಕಿಕೊಂಡಳು, ಮಹಾತಾಯಿ!

ಅದಾದ ಮೇಲೆ ಒಂದು ಸಂಜೆ ಕೂಸು ಎಂದಿಗಿಂತ ಹೆಚ್ಚೇ ಹಟ ಹಿಡಿಯಿತು. ಮುಂಗೈ ಮೇಲೆ ಬೋರಲು ಹಾಕಿಕೊಂಡು, ಬೆನ್ನು ಸವರುತ್ತ, ಅವಳು ಒಲೆಯಿಂದ ಬಾಗಿಲಿಗೆ, ಬಾಗಿಲಿಂದ ಒಲೆಗೆ ನಡೆದಳು. ತೋಳು ಜೋಮು ಹಿಡಿಯಿತು. "ಬಾಯಿ ಮುಚ್ಚೋ ಪಾಪಿ!" ಎಂದು ಒಮ್ಮೆ ಕಿರುಚಿಯೇಬಿಟ್ಟಳು. ಕಿರುಚಿ, ಅಯ್ಯೋ ನನ್ನ ಬಾಯಿಗಿಷ್ಟು ಬೆಂಕಿ ಹಾಕ ಎಂದು ತಾನೂ ಅತ್ತಳು.

ಅಷ್ಟರಲ್ಲಿ ಕೂಸು ಒಂದು ದೊಡ್ಡ ತೇಗು ತೇಗಿ, ಮೈ ಸಡಿಲ ಬಿಟ್ಟು, ಸುಮ್ಮನಾಯಿತು. ಮೆಲ್ಲಗೆ ಅದನ್ನು ಹೆಗಲಿಗೆ ಹಾಕಿಕೊಂಡಳು. ಉಸಿರಾಡಿದರೆ ಎಲ್ಲಿ ಏಳುತ್ತದೋ ಎಂದು ಅಲ್ಲೇ ನಿಂತಳು.

ಒಳಕೋಣೆಯ ಮಂಚ ಕಿರುಗುಟ್ಟಿತು. ಗಂಡ ಎದ್ದುಬಿದ್ದು ಹೊರಗೆ ಬಂದ.

"ಏನಾಯ್ತೇ? ಯಾಕೆ ಸುಮ್ಮನಾಯ್ತು?"

ಗಿರಣಿಯವರೆಲ್ಲ ಹಾಗೇ. ಯಂತ್ರ ಓಡುವಷ್ಟು ಹೊತ್ತು ನಿಶ್ಚಿಂತೆ, ಸದ್ದು ನಿಂತರೆ ಓಡಿಬರುತ್ತಾರೆ. ಅವಳಿಗೆ ಆಗ ಹೊಳೆಯಿತು. ಅಳು ನಿಂತದ್ದು ಗೊತ್ತಾಗಬೇಕಾದರೆ ಅಳು ಕಿವಿಗೆ ಬಿದ್ದಿರಬೇಕಲ್ಲ! ಇಷ್ಟು ಸಂಜೆಗಳೂ ಬಿದ್ದಿರಬೇಕಲ್ಲ! ಆದರೂ, ಇಲ್ಲ, ಇರಲಾರದು, ಏನೋ ಕಾಕತಾಳೀಯ ಎಂದು ಆ ಹುಚ್ಚಿಗೆ ಒಳಗೊಳಗೇ ಆಸೆ. ಗೋಡೆಯ ಕಡೆ ತಿರುಗಿ ನಿಂತಳು. ಕೈಸನ್ನೆ ಮಾಡಲಿಲ್ಲ. ಹೆಗಲ ಮೇಲಿನ ಕೂಸಿಗೂ ಎಚ್ಚರವಾಗದಷ್ಟು ಸಣ್ಣ ದನಿಯಲ್ಲಿ ಹೇಳಿದಳು.

"ನಾಳೆ ನಾನು ಅಮ್ಮನ ಮನೆಗೆ ಹೋಗ್ತೀನಿ."

ಗಂಡ ಆಕಳಿಸಿದ.

"ಎಷ್ಟು ದಿನಕ್ಕೆ?"