ತಣ್ಣೀರಿನಲ್ಲಿ ಹೋದ ಕಲೆ

ಅದು ಶಾಯಿ, ರಕ್ತವಲ್ಲ, ಈಗ ಹಾದುಹೋದ ನರ್ಸಿನ ಬಿಳಿ ಕೋಟಿನ ಜೇಬಿನ ಕೆಳಗಿದ್ದದ್ದು, ಪೆನ್ನಿಗೆ ಮುಚ್ಚಳ ಹಾಕದೆ ಸಿಕ್ಕಿಸಿಕೊಂಡಿರಬೇಕು, ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಹಿಂಬದಿಯಿಂದ ಒತ್ತಿದರೆ ಬಿಟ್ಟುಕೊಳ್ಳುತ್ತದೆ, ತೋಳಿನ ಅಂಚಿನದು ಚಹಾ, ಹಳೆಯದು, ಹಟಮಾರಿ — ಅಯ್ಯೋ, ಏನು ಯೋಚಿಸುತ್ತಿದ್ದೇನೆ ನಾನು, ಮಗಳು ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಾಳೆ, ಆಸ್ಪತ್ರೆಯ ಬೆಂಚು ಸಾಲದೆ ಕಾಲು ಮಡಚಿಕೊಂಡಿದ್ದಾಳೆ, ಅವಳ ರಕ್ತ ತೆಗೆದುಕೊಂಡು ಹೋಗಿ ಒಂದೂವರೆ ಗಂಟೆಯಾಯಿತು, ಆ ಬಾಗಿಲಿನಾಚೆ ಯಾರೋ ಅದನ್ನು ಗಾಜಿನ ಪಟ್ಟಿಯ ಮೇಲೆ ತೆಳುವಾಗಿ ಹರಡಿ ಕಣ್ಣಿಟ್ಟು ನೋಡುತ್ತಿದ್ದಾರೆ, ನಾನು ಇಲ್ಲಿ ಕೂತು ಕಂಡವರ ಕೋಟಿನ ಕಲೆ ಓದುತ್ತಿದ್ದೇನೆ. ಹತ್ತೊಂಬತ್ತು ವರ್ಷದ ಕಸುಬು, ಕಣ್ಣು ಸುಮ್ಮನಿರುವುದಿಲ್ಲ. ಲಾಂಡ್ರಿಯ ಹಿಂದಿನ ಕೋಣೆ, ಉದ್ದ ಕಲ್ಲಿನ ತೊಟ್ಟಿ, ಎರಡು ನಲ್ಲಿ, ಒಂದು ಬಿಸಿ ಒಂದು ತಣ್ಣನೆಯದು, ಹೋಟೆಲಿನ ಬೆಡ್‌ಶೀಟು, ಮಾಂಸದಂಗಡಿಯವನ ಏಪ್ರನ್ನು, ಕಲೆ ಇರುವ ಬಟ್ಟೆಯೆಲ್ಲ ನನ್ನ ಪಾಲಿಗೆ, ಸೇರಿದ ಮೊದಲ ದಿನವೇ ಯಜಮಾನರು ಹೇಳಿದ್ದರು, ನೋಡಮ್ಮ, ಕಲೆ ಏನದು ಅಂತ ನೋಡು, ಯಾರದು ಹೇಗಾಯ್ತು ಅಂತ ಕೇಳ್ಬೇಡ, ಹೋದ ಮೇಲೆ ಅದರ ಮಾತೆತ್ತಬೇಡ, ಗಿರಾಕಿಗೆ ಬೇಕಾಗಿರೋದು ಬಟ್ಟೆ, ನಾಚಿಕೆ ಅಲ್ಲ. ಆ ಮಾತು ನನಗೆ ಹಿಡಿಸಿತ್ತು, ಮಾತು ಕಡಿಮೆಯ ಹೆಂಗಸು ನಾನು, ಚಿಕ್ಕಂದಿನಿಂದಲೂ ಕೇಳುವವಳು, ಬೆಳಿಗ್ಗೆ ತಾತ ಕಣ್ಣು ಮುಚ್ಚಿ ದೇವರ ಮೇಲಿನ ಪದ್ಯ ಹೇಳುತ್ತಿದ್ದರೆ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದೆ, ಸಾಲಿನ ನಡುವೆ ಅವರು ಉಸಿರು ತೆಗೆದುಕೊಳ್ಳುವ ಕಡೆ ನಾನೂ ತೆಗೆದುಕೊಳ್ಳುತ್ತಿದ್ದೆ, ಈಗಲೂ ನನಗೆ ಗಡಿಯಾರ ಬೇಡ, ಚಹಾಕ್ಕೆ ಆರು ಪದ್ಯದಷ್ಟು ಹೊತ್ತು, ಎಣ್ಣೆಗೆ ಹತ್ತು, ಹಸಿ ರಕ್ತಕ್ಕೆ ತಣ್ಣೀರಿನಲ್ಲಿ ಮೂರೇ ಮೂರು, ಬಿಸಿ ಮುಟ್ಟಿಸಿದರೆ ಕೆಟ್ಟಿತು, ನೂಲಿನೊಳಗೆ ಕೂತುಬಿಡುತ್ತದೆ, ತಣ್ಣೀರು, ಒಂದು ಚಿಟಿಕೆ ಉಪ್ಪು, ಮೂರು ಪದ್ಯ, ಮುಗಿಯಿತು, ಏನೂ ಆಗಿಯೇ ಇರಲಿಲ್ಲವೆಂಬಂತೆ.

ಎಷ್ಟು ದಿನದಿಂದ ವಸಡಲ್ಲಿ ರಕ್ತ ಬರ್ತಿದೆ ಅಮ್ಮಾ ಎಂದು ಕೇಳಿದಳು ಬೆಳಿಗ್ಗೆ ಆ ಡಾಕ್ಟರಮ್ಮ, ಚಿಕ್ಕ ವಯಸ್ಸು, ನನ್ನ ತಂಗಿಯಷ್ಟಿರಬಹುದು, ನಾನು ನೆಲ ನೋಡುತ್ತ ಒಂದು ನಾಲ್ಕು ದಿನ ಇರಬೇಕು ಎಂದೆ, ಪಕ್ಕದಲ್ಲೇ ಇವರು ನಿಂತಿದ್ದರು, ರಾತ್ರಿ ಪಾಳಿ ಮುಗಿಸಿ ಬಸ್ಸು ಡಿಪೋಗೆ ಬಿಟ್ಟು ಹಾಗೇ ಓಡಿ ಬಂದವರು, ಖಾಕಿ ಅಂಗಿಯಲ್ಲೇ, ಇವರೆದುರು ಹೇಗೆ ಹೇಳಲಿ. ನಾಲ್ಕಲ್ಲ, ಇಪ್ಪತ್ತೆರಡು. ನನ್ನಷ್ಟು ಸರಿಯಾಗಿ ಈ ಲೆಕ್ಕ ಬಲ್ಲವರು ಯಾರೂ ಇಲ್ಲ, ಇಪ್ಪತ್ತೆರಡು ಬೆಳಗು, ಮಗಳು ಮುಖ ತೊಳೆಯಲು ಎದ್ದು ಹೋದ ಕೂಡಲೇ ದಿಂಬಿನ ಕವರು ಕಳಚಿ ತಣ್ಣೀರಿಗೆ ಹಾಕಿದ್ದೇನೆ, ಮೊದಲ ದಿನ ಮೂರೇ ಚುಕ್ಕೆ, ಸಾಸಿವೆ ಕಾಳಿನಷ್ಟು, ಕೆನ್ನೆ ಒರಗುವ ಮೂಲೆಯಲ್ಲಿ, ಹಲ್ಲಿನದಿರಬೇಕು ಎಂದುಕೊಂಡೆ, ಎರಡನೆಯ ದಿನ ಏನೂ ಅಂದುಕೊಳ್ಳಲಿಲ್ಲ, ಮೂರನೆಯ ದಿನದಿಂದ ಕೈ ತಾನೇ ಮಾಡಿತು, ಕೈಗೆ ಅದು ಮಗಳ ರಕ್ತವಲ್ಲ, ಒಂದು ಕಲೆ, ಯಾರದು ಹೇಗಾಯ್ತು ಅಂತ ಕೇಳಬಾರದು. ಬ್ರಷ್ಷು ಗಟ್ಟಿ ಅಮ್ಮ, ಚುಚ್ಚತ್ತೆ, ಎಂದಳು ಅವಳು, ಮೆತ್ತನೆಯ ಬ್ರಷ್ಷು ತಂದುಕೊಟ್ಟೆ. ಒಂಬತ್ತನೆಯ ದಿನ ಜ್ವರವೆಂದು ಬೀದಿ ಕೊನೆಯ ಡಾಕ್ಟರ ಬಳಿ ಹೋದಾಗ ಅವರೂ ಕೇಳಿದರು, ಜ್ವರ ಬಿಟ್ಟು ಬೇರೇನಾದ್ರೂ ಇದೆಯಾ, ನಾನು ಏನಿಲ್ಲ ಡಾಕ್ಟ್ರೇ ಎಂದೆ, ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ ದೇವರೇ, ಆ ಹೊತ್ತಿಗೆ ನಿಜವಾಗಿಯೂ ಏನೂ ಇರಲಿಲ್ಲ, ಕವರು ಬೆಳ್ಳಗೆ ಹಗ್ಗದ ಮೇಲೆ ಒಣಗುತ್ತಿತ್ತು, ನನ್ನ ಪಾಲಿಗೆ ಹೋದ ಕಲೆ ಹೋಯಿತು. ಜ್ವರದ ಮಾತ್ರೆ ಕೊಟ್ಟು ಕಳಿಸಿದರು. ಜ್ವರ ಇಳಿಯಿತು, ಮತ್ತೆ ಬಂತು, ಮತ್ತೆ ಇಳಿಯಿತು, ಬೆಳಗಿನ ಹೊತ್ತಿಗೆ ಅವಳ ಅಂಗಿ ಹಿಂಡಿದರೆ ನೀರು ಬರುವಷ್ಟು ಬೆವರು, ಅದನ್ನೂ ಒಗೆದೆ.

ಒಂದಾದರೂ ಗೊತ್ತಾಗಬೇಕಿತ್ತಲ್ಲ. ನಾಲ್ಕನೆಯ ಮಹಡಿಯ ಮನೆ, ಮೆಟ್ಟಿಲನ್ನು ಎರಡೆರಡಾಗಿ ಹಾರಿ ಬರುತ್ತಿದ್ದಳೆಂದೇ ಅವಳಪ್ಪ ಜಿಂಕೆ ಎಂದು ಕರೆದದ್ದು, ಹದಿನಾಲ್ಕು ತುಂಬಿದರೂ ಜಿಂಕೆಯೇ, ಆ ಜಿಂಕೆ ಎರಡನೆಯ ಮಹಡಿಯ ತಿರುವಿನಲ್ಲಿ ಕೂತು ಏದುಸಿರು ಬಿಡುತ್ತಿದ್ದಳು, ಅಮ್ಮ ಯಾರೋ ಮೆಟ್ಟಿಲು ಜಾಸ್ತಿ ಮಾಡಿದಾರೆ ಕಣೆ ಎಂದು ನಗುತ್ತಿದ್ದಳು, ನಾನೂ ನಕ್ಕೆ. ಮೊಣಕಾಲ ಕೆಳಗೆ ಮೂಳೆಯೊಳಗೇ ನೋವು ಅಂದಳು, ಅದಕ್ಕೆ ಅತ್ತೆ, ಬೆಳೆಯೋ ವಯಸ್ಸು ಕಣೆ, ಎಲ್ಲರಿಗೂ ನೋಯತ್ತೆ, ನಿನ್ನ ಗಂಡನೂ ಹೀಗೇ ಅಳ್ತಿದ್ದ ಎಂದರು. ತೋಳ ಮೇಲೆ ಅಂಗೈಯಗಲ ನೀಲಿ, ಯಾರು ಹೊಡೆದರು ಹೇಳು ಎಂದು ಗದರಿದೆ, ಸ್ಕೂಲ್ ಬ್ಯಾಗು ಹೊಡೀತು, ಹೋಗಿ ಜಗಳ ಆಡು ಎಂದಳು, ಮಾತಿಗೆ ಕಡಿಮೆಯಿಲ್ಲ. ಎರಡು ತುತ್ತಿಗೇ ಹೊಟ್ಟೆ ತುಂಬಿತು ಎಂದು ತಟ್ಟೆ ಸರಿಸುತ್ತಿದ್ದಳು, ಕೈಕಾಲು ಬಡವಾಗುತ್ತಿದ್ದರೂ ಲಂಗದ ಪಟ್ಟಿ ಎಡಕ್ಕೆ ಬಿಗಿಯೆಂದಳು, ನಾನು ಕೊಕ್ಕೆ ಬಿಚ್ಚಿ ಅರ್ಧ ಇಂಚು ಆಚೆ ಹೊಲಿದೆ — ಹೊಲಿದೆನೇ ಹೊರತು ಆ ಎಡಬದಿ ಮುಟ್ಟಿ ನೋಡಲಿಲ್ಲ, ಡಾಕ್ಟರಮ್ಮ ಇವತ್ತು ಪಕ್ಕೆಲುಬಿನ ಕೆಳಗೆ ಬೆರಳಿಟ್ಟು ಗುಲ್ಮ ದಪ್ಪಗಾಗಿದೆ ಎಂದು ಬರೆಸಿದಳು, ಕುತ್ತಿಗೆಯಲ್ಲಿ ಗಂಟುಗಳಿವೆ ಎಂದು ಬರೆಸಿದಳು, ಅದೇ ಕುತ್ತಿಗೆಯ ಗುಂಡಿ ದಿನಾ ಹಾಕಿ ಕಳಿಸಿದವಳು ನಾನು. ಮತ್ತೆ ಆ ಬಿಳುಪು. ಮಗು ಬೆಳ್ಳಗಾಗುತ್ತಿತ್ತು, ತುಟಿ, ಉಗುರು, ಕಣ್ಣಿನ ಒಳರೆಪ್ಪೆ, ಅತ್ತೆ ಗಲ್ಲ ಹಿಡಿದು, ಏನೇ ನಿಮ್ಮಮ್ಮ ನಿನ್ನನ್ನೂ ಲಾಂಡ್ರಿಗೆ ಹಾಕಿದಳಾ ಎಂದರು, ಮನೆಯೆಲ್ಲ ನಗು, ನನಗೆ ಒಳಗೊಳಗೇ ಹೆಮ್ಮೆ ಸಹ, ನಮ್ಮ ಕಡೆಯ ಬಣ್ಣ ಬಂತು ಅಂತ, ಥೂ.

ನಿನ್ನೆ ಸಂಜೆ ಮೂಗಿನಿಂದ ಬಂತು, ಮೆಟ್ಟಿಲ ತಿರುವಿನಲ್ಲೇ, ಅರ್ಧ ಗಂಟೆಯಾದರೂ ನಿಲ್ಲಲಿಲ್ಲ, ಸ್ಕೂಲಿನ ಬಿಳಿ ಅಂಗಿಯ ಮೇಲೆ, ಮೆಟ್ಟಿಲ ಮೇಲೆ, ಮೂರನೆಯ ಮಹಡಿಯವರೆಲ್ಲ ಹೊರಗೆ ಬಂದು ನೋಡಿದರು, ಆ ಕಲೆಯನ್ನು ಎಲ್ಲಿ ಬಚ್ಚಿಡಲಿ, ಅದಕ್ಕೇ ಇವತ್ತು ಇಲ್ಲಿದ್ದೇವೆ, ಆ ಕಲೆ ಜನರ ಕಣ್ಣಿಗೆ ಬಿದ್ದದ್ದಕ್ಕೆ. ಬೆಳಿಗ್ಗೆ ಡಾಕ್ಟರಮ್ಮ ಮಗಳ ಕಾಲುಚೀಲ ಇಳಿಸಿದಳು, ಕಣಕಾಲ ಸುತ್ತ ಸಣ್ಣ ಸಣ್ಣ ಕೆಂಪು ಚುಕ್ಕೆ, ಸಾಸಿವೆಗಿಂತ ಚಿಕ್ಕವು, ಸೂಜಿಮೊನೆಯಷ್ಟು, ಸೊಳ್ಳೆ ಕಚ್ಚಿದ್ದು ಎಂದುಕೊಂಡಿದ್ದೆ, ನೆನೆಸಿದ ಬಟ್ಟೆಯಿಂದ ಉಜ್ಜಿಯೂ ನೋಡಿದ್ದೆ, ಅವಳು ಸಣ್ಣದೊಂದು ಗಾಜಿನ ಪಟ್ಟಿ ತೆಗೆದು ಅವುಗಳ ಮೇಲೆ ಒತ್ತಿ ಹಿಡಿದಳು, ಗಾಜಿನ ಕೆಳಗೆ ಸುತ್ತಲ ಚರ್ಮ ಬೆಳ್ಳಗಾಯಿತು, ಚುಕ್ಕೆ ಹಾಗೇ ಉಳಿಯಿತು, ಬರೆಯುತ್ತಿದ್ದ ಹುಡುಗಿಗೆ ಮೆಲ್ಲಗೆ ಹೇಳಿದಳು, ಒತ್ತಿದ್ರೂ ಹೋಗ್ತಿಲ್ಲ. ನಾನು ಕೇಳಿಸಿಕೊಂಡೆ. ಹತ್ತೊಂಬತ್ತು ವರ್ಷದಲ್ಲಿ ನನಗೆ ಹೋಗದ ಕಲೆ ಅದೊಂದೇ, ಅದು ನೂಲಿನ ಮೇಲಲ್ಲ, ನನ್ನ ಮಗಳ ಒಳಗಿತ್ತು.

ಬಾಗಿಲು ತೆರೆಯುತ್ತದೆ, ಡಾಕ್ಟರಮ್ಮನೇ ಬರುತ್ತಾಳೆ, ಕೈಯಲ್ಲಿ ಕಾಗದ, ಅವಳು ಮಲಗಿರಲಿ ಅಮ್ಮಾ, ನರ್ಸು ಹತ್ತಿರ ಇರ್ತಾರೆ, ನೀವು ಒಂದ್ನಿಮಿಷ ಒಳಗೆ ಬನ್ನಿ, ನಾನು ಟವೆಲು ಮಡಚಿ ಮಗಳ ಕೆನ್ನೆಯ ಕೆಳಗೆ ಇಟ್ಟು ಏಳುತ್ತೇನೆ, ಇವರು ಔಷಧಿಯ ಸಾಲಿನಲ್ಲಿ ನಿಂತಿದ್ದಾರೆ, ನಾನೊಬ್ಬಳೇ. ಅವಳು ಹೇಳುತ್ತಾಳೆ, ಲ್ಯುಕೇಮಿಯಾ, ರಕ್ತದ ಕ್ಯಾನ್ಸರ್, ಮೂಳೆ ಮಜ್ಜೆಯ ಪರೀಕ್ಷೆ ಇನ್ನೂ ಆಗಬೇಕು, ಆದರೆ ಅನುಮಾನ ಉಳಿದಿಲ್ಲ, ಬೆಳೆಯದ ಬಿಳಿ ಕಣಗಳು ತುಂಬಿಕೊಂಡಿವೆ, ಕೆಂಪಕ್ಕೆ ಜಾಗವೇ ಇಲ್ಲ, ಬಿಳಿ, ಬಿಳಿ, ಆಯುಷ್ಯವೆಲ್ಲ ನಾನು ಮಾಡಿದ್ದು ಅದನ್ನೇ ಅಲ್ಲವೇ — ಅವಳು ಇನ್ನೂ ಏನೋ ಹೇಳುತ್ತಿದ್ದಾಳೆ, ಸೋಂಕಾಗಿದೆ, ರಕ್ತ ಕೊಡಬೇಕು, ಇವತ್ತೇ ಸೇರಿಸಿಕೊಳ್ಳಬೇಕು, ಔಷಧಕ್ಕೆ ಬಗ್ಗುವ ಜಾತಿಯೂ ಇದೆ, ಈಗಲೇ ಮಾತು ಕೊಡಲಾರೆ, ಆಮೇಲೆ ಪೆನ್ನು ಎತ್ತಿ, ಇನ್ನೊಂದ್ಸಲ ಸರಿಯಾಗಿ ನೆನಪು ಮಾಡ್ಕೊಂಡು ಹೇಳಿ ಅಮ್ಮಾ, ಎಷ್ಟು ದಿನದಿಂದ. ಇಪ್ಪತ್ತೆರಡು ಎನ್ನುತ್ತೇನೆ. ಪೆನ್ನು ನಿಲ್ಲುತ್ತದೆ. ದಿನಾ ನೋಡಿದೆ, ದಿನಾ ತೊಳೆದೆ, ಯಾರಿಗೂ ಹೇಳಲಿಲ್ಲ. ಮೊದಲೇ ಬಂದಿದ್ದರೆ ಎಂದು ಕೇಳುತ್ತೇನೆ, ಅವಳು ಬರೆಯುತ್ತಾಳೆ, ಎರಡರ ಪಕ್ಕ ಎರಡು, ಬರೆದು ನನ್ನ ನೀರು ತಿಂದ ಬೆರಳುಗಳನ್ನು ನೋಡುತ್ತಾಳೆ, ಇನ್ಮೇಲೆ ಏನು ಕಂಡ್ರೂ ತೋರಿಸಿ ಅಮ್ಮಾ, ತೊಳೀಬೇಡಿ.

ಬೆಂಚಿಗೆ ಮರಳಿದ್ದೇನೆ, ಅವಳಿನ್ನೂ ಮಲಗಿದ್ದಾಳೆ, ಬಾಯಿ ಸ್ವಲ್ಪ ತೆರೆದಿದೆ, ಟವೆಲಿನ ಮೇಲೆ ತುಟಿಯ ಹತ್ತಿರ ಒಂದು ಚುಕ್ಕೆ, ಹಸಿ, ಕಾರಿಡಾರಿನ ಕೊನೆಯಲ್ಲಿ ನಲ್ಲಿ ಇದೆ, ಯಾರೋ ಕೈ ತೊಳೆಯುತ್ತಿದ್ದಾರೆ, ತಣ್ಣೀರಿನ ಸದ್ದು ನನಗೆ ಗೊತ್ತು, ಹತ್ತು ಹೆಜ್ಜೆ, ಮೂರು ಪದ್ಯ, ನನ್ನ ಕೈ ಟವೆಲಿನ ಅಂಚು ಹಿಡಿದುಬಿಟ್ಟಿದೆ, ಬಿಡು, ಕೈಯೇ ಬಿಡು, ತಾತನ ಮೊದಲ ಪದ್ಯ ಬಾಯಿಗೆ ಬರುತ್ತದೆ, ಎರಡನೆಯದೂ, ಮೂರನೆಯದರ ನಡುವೆ ಅವರು ಉಸಿರು ತೆಗೆದುಕೊಳ್ಳುವ ಕಡೆ ನಿಂತುಹೋಗುತ್ತೇನೆ, ಮುಂದಿನ ಸಾಲು ಇಲ್ಲ, ಚುಕ್ಕೆಯ ಅಂಚು ಒಣಗುತ್ತಿದೆ, ಕಂದಾಗುತ್ತಿದೆ, ಇನ್ನು ಸ್ವಲ್ಪ ಹೊತ್ತಾದರೆ ಸುಲಭಕ್ಕೆ ಹೋಗುವುದಿಲ್ಲ, ಹೋಗದಿರಲಿ, ಇವರು ಬರಲಿ, ಅತ್ತೆ ಬರಲಿ, ಎಲ್ಲರೂ ನೋಡಲಿ, ಬಿಳಿ ಟವೆಲು, ಸಾಸಿವೆ ಕಾಳಿನಷ್ಟು ಕೆಂಪು, ಸಾಸಿವೆ ಕಾಳಿನಷ್ಟು