ರಂಗೋಲಿ ನಕಾಶೆಯಲ್ಲಿ ಇಲ್ಲದ ಮಕ್ಕಳು

ಮಲ್ಕಾಜ್‌ಗಿರಿಯ ಆ ರೈಲ್ವೆ ಮಂದಿಯ ಗಲ್ಲಿಯಲ್ಲಿ ಯಾರ ಮನೆಯ ಮಕ್ಕಳು ಏನು ಓದುತ್ತಾರೆಂದು ಕೇಳಿ ನೋಡಿ, ಉತ್ತರ ಒಂದೇ: ಕಂಪ್ಯೂಟರ್. ಅಂಥದ್ದರಲ್ಲಿ ವೈಜನಾಥರ ಮಗಳು ಶಿವದೇವಿ ಹೋಗಿ ಹೋಗಿ ಅಭಿವೃದ್ಧಿ ಅಧ್ಯಯನ ಅನ್ನುವ ಎಂ.ಎ.ಗೆ ಸೇರಿದ್ದಳು. ಶ್ರೀಮಂತ ದೇಶಗಳು ಬಡ ದೇಶಗಳಿಗೆ ಕೊಡುವ ನೆರವು ಹೇಗೆ ಬರುತ್ತದೆ, ಯಾರಿಗೆ ಮುಟ್ಟುತ್ತದೆ, ನಡುವೆ ಯಾರು ನುಂಗುತ್ತಾರೆ ಎಂದು ಎರಡು ವರ್ಷ ಓದುವುದು. “ಓದಿ ಮುಗಿದ ಮ್ಯಾಲೆ ಏನಾಗ್ತಿ? ಡಾಕ್ಟರಾ, ಕಲೆಕ್ಟರಾ?” ಎಂದು ತಾಯಿ ಕೇಳುತ್ತಿದ್ದರು. ಪಕ್ಕದ ಮನೆಯವರಂತೂ, ಹುಡುಗಿಗೆ ಕಂಪ್ಯೂಟರ್ ಸೀಟು ಸಿಗಲಿಲ್ಲ ಪಾಪ ಎಂದು ಮರುಗಿ ಸುಮ್ಮನಾಗಿದ್ದರು.

ಅವಳಿಗೆ ಆ ಓದು ಹಿಡಿಸಿತ್ತು. ಹಿಡಿಸಿದ್ದಕ್ಕೆ ಕಾರಣವೂ ಇತ್ತು. ಚಿಕ್ಕಂದಿನಿಂದಲೂ ಎಲ್ಲದರ ಹಿಂದೆ ಮತ್ತೊಂದು ಇರುತ್ತದೆ ಎಂದು ನಂಬಿದ ಹುಡುಗಿ ಅವಳು, ಆ ನಂಬಿಕೆಗೆ ಇಲ್ಲಿ ಮಾರ್ಕ್ಸು ಬೇರೆ ಕೊಡುತ್ತಿದ್ದರು. ದಾನಿಯನ್ನು ನಂಬಬೇಡ, ಸರ್ಕಾರವನ್ನು ನಂಬಬೇಡ, ಊರಿನ ಮುಖಂಡ ಹೇಳಿದ್ದನ್ನಂತೂ ನಂಬಲೇಬೇಡ. ಕಲಿಸುತ್ತಿದ್ದ ಅಹಲ್ಯಾ ಮೇಡಂ ಮೈಸೂರಿನವರು. “ನೋಡು ಶಿವದೇವಿ, ಬಾಯಲ್ಲಿ ಹೇಳೋದು ಬೇರೆ, ನೆಲದ ಮೇಲೆ ಇರೋದು ಬೇರೆ. ನಮ್ಮ ಕೆಲಸ ನೆಲ ನೋಡೋದು,” ಎನ್ನುತ್ತಿದ್ದರು.

ನೆಲ ನೋಡಲು ಮೇಡಂ ಅವಳನ್ನು ಕಳಿಸಿದ್ದು ಮಾದಾಪುರದ ಆಚೆಗಿನ ಒಂದು ಕೆಲಸದ ಜಾಗಕ್ಕೆ. ಅಲ್ಲಿ ಕಂಪ್ಯೂಟರ್ ಕಂಪನಿಗಳಿಗೆಂದು ಗಾಜಿನ ಕಟ್ಟಡ ಏಳುತ್ತಿತ್ತು, ಅದರ ಹಿಂದಿನ ಬಂಡೆಗಳ ಸಂದಿಯಲ್ಲಿ ಕಟ್ಟುವವರ ತಗಡಿನ ಜೋಪಡಿಗಳಿದ್ದವು. ಸೇಡಂ, ಚಿತ್ತಾಪುರ, ಯಾದಗಿರಿ ಕಡೆಯ ಮಂದಿ. ಯಾವುದೋ ವಿದೇಶಿ ಸಂಸ್ಥೆ ಇಂಥವರಿಗಾಗಿ ಏನಾದರೂ ಮಾಡಲು ಮುಂದೆ ಬಂದಿತ್ತು. ಏನು ಮಾಡಬೇಕೆಂಬುದನ್ನು ಆ ಮಂದಿಯ ಬಾಯಿಂದಲೇ ತಿಳಿಯಬೇಕಿತ್ತು. ತೆಲುಗಿನ ಆ ನಗರದಲ್ಲಿ ಕನ್ನಡ ಬರುವವಳು ಕ್ಲಾಸಿನಲ್ಲಿ ಶಿವದೇವಿ ಒಬ್ಬಳೇ. ಅಪ್ಪನ ಊರೂ ಸೇಡಂ ಕಡೆಯದೇ. ಹೋದ ಮೊದಲ ದಿನವೇ ಆ ಊರಿನ ಹೆಸರು ಹೇಳಿ ಪರಿಚಯ ಮಾಡಿಕೊಂಡಳು.

ಇಂಥ ಅಧ್ಯಯನದಲ್ಲಿ ಒಂದು ಪದ್ಧತಿಯುಂಟು. ಪ್ರಶ್ನೆ ಕೇಳುತ್ತ ಕೂರುವ ಬದಲು ಅಲ್ಲಿನ ಹೆಂಗಸರ ಕೈಗೆ ರಂಗೋಲಿ ಪುಡಿ ಕೊಟ್ಟು, ತಮ್ಮ ಕೇರಿಯ ನಕಾಶೆಯನ್ನು ನೆಲದ ಮೇಲೆ ಅವರಿಂದಲೇ ಬರೆಸುವುದು. ಯಾರು ಏನನ್ನು ಎಲ್ಲಿ ಇಟ್ಟರು ಎನ್ನುವುದರಲ್ಲೇ ಅವರ ಬದುಕು ತಿಳಿಯುತ್ತದೆ ಎಂಬ ಲೆಕ್ಕಾಚಾರ.

ದೀಪಾವಳಿ ಕಳೆದ ಶನಿವಾರ ಹೆಂಗಸರು ಸೇರಿದರು. ಮುಂದೆ ನಿಂತು ಬರೆಸಿದವಳು ಗದಿಗೆಮ್ಮ, ಆ ಜೋಪಡಿಗಳಿಗೆಲ್ಲ ಹಿರಿಯಳು, ಮಾತು ಕಡಿಮೆ, ನೋಟ ಜಾಸ್ತಿ. ಜೋಪಡಿಗಳು ಬಂದವು, ನೀರಿನ ಟ್ಯಾಂಕರ್ ನಿಲ್ಲುವ ಜಾಗ ಬಂತು, ಬಂಡೆಯ ಮೇಲಿನ ಯಲ್ಲಮ್ಮನ ಕಲ್ಲಿಗೆ ಅರಿಸಿನ ಬಿತ್ತು. ಚೆಂದದ ನಕಾಶೆ. ಶಿವದೇವಿ ಖುಷಿಯಾಗಿ ಕೇಳಿದಳು: “ಹುಡುಗರು ಎಲ್ಲಿ ಆಡ್ತಾವು, ಅದನ್ನ ತೋರ್ಸ್ರಿ.”

ಹೆಂಗಸರ ಕೈಗಳು ನಿಂತವು. ಒಬ್ಬಳು ಸೆರಗು ಸರಿ ಮಾಡಿಕೊಂಡಳು. ಇನ್ನೊಬ್ಬಳು ಗದಿಗೆಮ್ಮನ ಮುಖ ನೋಡಿದಳು.

“ಇಲ್ಲಿ ಹುಡುಗರಿಲ್ರಿ ಬಾಯಾರ,” ಎಂದಳು ಗದಿಗೆಮ್ಮ. “ಎಲ್ಲಾ ಊರಾಗ ಅದಾವು, ಮುದುಕರ ಕಡೆ.”

ಹಾಗೆಂದ ಗದಿಗೆಮ್ಮನ ಬೆನ್ನ ಹಿಂದಿನ ಜೋಪಡಿಯಲ್ಲೇ ಸೀರೆಯ ಜೋಲಿ ತೂಗುತ್ತಿತ್ತು. ಖಾಲಿ ಜೋಲಿ, ಇನ್ನೂ ಸಣ್ಣಗೆ ಆಡುತ್ತಿತ್ತು. ಬಾಗಿಲ ಬಳಿ ಗೇಣಿಗಿಂತ ಚಿಕ್ಕ ಚಪ್ಪಲಿ ಬಿದ್ದಿತ್ತು.

ಆಮೇಲೆ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡತೊಡಗಿದಳು. ಪ್ರತಿ ಶನಿವಾರ ಅವಳು ರಸ್ತೆಯ ತಿರುವಿನಲ್ಲಿ ಬಸ್ಸಿಳಿಯುವ ಹೊತ್ತಿಗೆ ಸರಿಯಾಗಿ ಒಂದು ಟೆಂಪೋ ಜೋಪಡಿಗಳ ಕಡೆಯಿಂದ ಹೊರಡುತ್ತಿತ್ತು. ಅದರ ಹಿಂಭಾಗಕ್ಕೆಲ್ಲ ತಾಡಪಾಲು ಬಿಗಿದಿರುತ್ತಿತ್ತು. ನಡೆಸುವವನು ಪರಮೇಶ, ಈ ಮಂದಿಯನ್ನು ಊರಿಂದ ಕರೆತಂದ ಮೇಸ್ತ್ರಿ. ಕಪ್ಪು ಕನ್ನಡಕ, ಬೆರಳಲ್ಲಿ ಉಂಗುರ, ಸೊಂಟದಲ್ಲಿ ಮೊಬೈಲು. ಆ ಕಾಲಕ್ಕೆ ಮೊಬೈಲು ಇಟ್ಟ ಮೇಸ್ತ್ರಿಯೆಂದರೆ ಸಾಮಾನ್ಯನಲ್ಲ. ಎದುರಾದಾಗಲೆಲ್ಲ “ನಮಸ್ಕಾರ್ರಿ ಮೇಡಂ” ಎಂದು ಹಲ್ಲು ಕಿರಿಯುತ್ತಿದ್ದ. ಆ ನಗು ಅವಳಿಗೆ ಒಂದಿಷ್ಟೂ ಸರಿಬರಲಿಲ್ಲ.

ಒಂದು ಶನಿವಾರ ಅವಳು ಬಸ್ಸಿನಲ್ಲಿ ಬರದೆ, ಆ ಹೊತ್ತಿಗೆ ಮೊದಲೇ ಆಟೋ ಮಾಡಿಕೊಂಡು ಬಂದು, ಹೊರಟ ಟೆಂಪೋದ ಬೆನ್ನು ಹತ್ತಿದಳು. ಅದು ಬಾಲಾನಗರದವರೆಗೂ ಹೋಯಿತು. ಲೇತ್ ಮಷೀನುಗಳು ಕಿರಗುಟ್ಟುವ ಗಲ್ಲಿಯೊಂದರಲ್ಲಿ ತಗಡಿನ ಗೇಟಿನ ಮುಂದೆ ನಿಂತಿತು. ಪರಮೇಶ ತಾಡಪಾಲು ಎತ್ತಿದ. ಒಳಗಿಂದ ಮಕ್ಕಳು ಇಳಿದವು, ಒಂದರ ಹಿಂದೊಂದು, ತುಟಿ ಪಿಟಕ್ಕೆನ್ನದೆ. ಗೇಟು ಮುಚ್ಚಿತು.

ಮಕ್ಕಳು ಹಾಗೆ ಸದ್ದಿಲ್ಲದೆ ಇಳಿಯುತ್ತವೆಯೆ? ಕ್ಲಾಸಿನಲ್ಲಿ ಓದಿದ್ದೆಲ್ಲ ತಲೆಯಲ್ಲಿ ಸಾಲಾಗಿ ನಿಂತಿತು: ಜೀತ, ಮಕ್ಕಳ ಮಾರಾಟ, ಹೆತ್ತವರ ಬಾಯಿ ಮುಚ್ಚಿಸುವ ದಲ್ಲಾಳಿ. ಗದಿಗೆಮ್ಮನಿಗೂ ಇದರಲ್ಲಿ ಪಾಲಿರಬಹುದು ಎಂದೂ ಅನ್ನಿಸಿತು. ಅಪ್ಪನಿಗೆ ಹೇಳಿದರೆ, “ಆ ಮುದುಕಿನ್ನ ಒಂದು ಮಾತು ನೇರ ಕೇಳಿಬಿಡಬಾರದೇನು?” ಎಂದರು. ಅಪ್ಪನಿಗೇನು ಗೊತ್ತು, ರೈಲು ಓಡಿಸುವವರಿಗೆ. ನೇರ ಕೇಳಿದರೆ ಎಚ್ಚರಾಗುತ್ತಾರೆ ಎಂದು ಅವಳ ಓದು ಹೇಳಿತ್ತು.

ಅವಳು ಮೇಡಂಗೆ ಹೇಳಿದಳು. ಮೇಡಂ ಕೇಳುತ್ತ ಕೇಳುತ್ತ ಕುರ್ಚಿಯ ಅಂಚಿಗೆ ಬಂದರು. ಇಂಥ ಮಕ್ಕಳನ್ನು ಬಿಡಿಸಿ ತಂದು ಹಾಸ್ಟೆಲಿನಲ್ಲಿಟ್ಟು ಓದಿಸುವ ಒಂದು ಸಂಸ್ಥೆ ಅವರಿಗೆ ಗೊತ್ತಿತ್ತು. ಮಾತುಕತೆಯಾಗಿ ದಿನ ಗೊತ್ತಾಗುವಷ್ಟರಲ್ಲಿ ಎಳ್ಳಮಾವಾಸ್ಯೆ ಬಂತು. ಜೋಪಡಿಯ ಅರ್ಧ ಮಂದಿ ಹೊಲದಲ್ಲಿ ಎಡೆಯಿಟ್ಟು ಚರಗ ಚೆಲ್ಲಲು ಊರಿಗೆ ಹೋಗಿ ಬಂದರು.

“ಈ ಶನಿವಾರ ನೀನು ಎಂದಿನ ಹಾಗೇ ಹೋಗು,” ಎಂದರು ಮೇಡಂ. “ನೀನು ಬರೋ ಹೊತ್ತಿಗೆ ಸರಿಯಾಗಿ ಮಕ್ಕಳನ್ನ ಗಾಡಿಗೆ ತುಂಬ್ತಾರೆ ಅಂದೆಯಲ್ಲ. ಸಂಸ್ಥೆಯವರ ಜೀಪು ಹಿಂದೇನೇ ಬರುತ್ತೆ. ನೀನು ಏನೂ ಗೊತ್ತಿಲ್ಲದವಳ ಥರ ಇರು.”

ಶನಿವಾರ ಅವಳು ತಿರುವಿನಲ್ಲಿ ಇಳಿದಾಗ ಟೆಂಪೋ ಹೊರಡಲಿಲ್ಲ. ಬಂಡೆಯ ನೆರಳಿನಲ್ಲಿ ಸುಮ್ಮನೆ ನಿಂತಿತ್ತು, ತಾಡಪಾಲು ಮಡಚಿ ಮೇಲಿಟ್ಟಿದ್ದರು. ಗದಿಗೆಮ್ಮ ತಾನೇ ಎದುರು ಬಂದಳು. ಇಷ್ಟು ದಿನ ಅವಳು ಎದುರು ಬಂದಿದ್ದೇ ಇಲ್ಲ.

“ಬಾ ಯವ್ವ,” ಎಂದಳು. ರೀ ಇಲ್ಲ, ಬಾಯಾರ ಇಲ್ಲ. “ನೀ ವೈಜನಾಥಪ್ಪನ ಮಗಳಂತಲ್ಲ. ನಮ್ಮ ಮಂದಿ ಅಮಾಸಿಗೆ ಹೋದಾಗ ನಿಮ್ಮೂರಿಗೂ ಹೋಗಿ ಕೇಳ್ಕೊಂಡು ಬಂದಾರ. ನಿಮ್ಮ ಮುತ್ಯಾ, ನಿಮ್ಮ ಸೋದರತ್ತಿ, ಎಲ್ಲಾ ತಿಳೀತು. ಭಾಳ ಛಲೋ ಮನೆತನ ಅಂದ್ರು. ಒಬ್ಬರ ಮಕ್ಕಳಿಗೆ ಕೇಡು ಬಗಿಯೋ ಮಂದಿ ಅಲ್ಲ ಅಂದ್ರು.”

ಅಂದರೆ, ತಾನು ಈ ಮುದುಕಿಯನ್ನು ಅಧ್ಯಯನ ಮಾಡುತ್ತಿದ್ದ ಹೊತ್ತಿನಲ್ಲಿ ಈ ಮುದುಕಿ ತನ್ನನ್ನು ಅಧ್ಯಯನ ಮಾಡಿದ್ದಾಳೆ. ಶಿವದೇವಿಗೆ ನಗು ಬರಬೇಕಿತ್ತು, ಬರಲಿಲ್ಲ.

“ಏ, ಬರ್ರಿ ಹೊರಗ,” ಎಂದು ಗದಿಗೆಮ್ಮ ಕೂಗಿದಳು.

ಜೋಪಡಿಗಳಿಂದ ಮಕ್ಕಳು ಬಂದವು. ತಲೆಗೆ ಎಣ್ಣೆ ಹಚ್ಚಿ ಬಾಚಿದ್ದರು, ಮುಖಕ್ಕೆ ಪೌಡರು ಬಳಿದಿದ್ದರು. ಕೆಲವು ದೊಡ್ಡವರ ಅಂಗಿ ತೊಟ್ಟಿದ್ದವು. ಬಂಡೆಯ ಮುಂದೆ ಸಾಲಾಗಿ ನಿಂತು ಅವಳನ್ನೇ ನೋಡಿದವು. ಯಾವ ಮಗುವಿನ ಕೈಯೂ ಕೆಲಸ ಮಾಡಿದ ಕೈಯಾಗಿರಲಿಲ್ಲ.

“ಇವು ಬಾಲಾನಗರದಾಗ...” ಶಿವದೇವಿ ಆ ಕೈಗಳನ್ನು ನೋಡಿದಳು. “ಅಲ್ಲಿ ಏನ್ ಮಾಡ್ತಿದ್ದವು?”

“ಅಯ್ಯ, ಅಲ್ಲಿ ತನಕ ಬಂದಿದ್ದಿ?” ಗದಿಗೆಮ್ಮ ನಕ್ಕಳು. “ಪರಮೇಶನ ಅಕ್ಕನ ಮನಿ ಅದು, ಕಾರ್ಖಾನಿ ಹಿಂದ. ನೀ ಹೋಗೋ ತನಕ ಚುರುಮುರಿ ತಿನ್ಕೋತ ಕುಂತಿರ್ತಿದ್ದವು. ಪಾಪ, ತನ್ನ ಡೀಜೆಲ್ಲು ಸುಟ್ಟು ಒಯ್ತಿದ್ದ.” ಮತ್ತೆ ದನಿ ತಗ್ಗಿಸಿದಳು. “ನಾವು ಕೂಕಟಪಲ್ಲಿ ಕಡೆ ಇದ್ದಾಗ ಹಿಂಗ ಒಬ್ಬಾಕಿ ಬಂದಿದ್ಲು, ಓದೋ ಹುಡುಗಿ. ಹುಡುಗರ ಹೆಸರು ಕೇಳಿದ್ಲು, ಬಿಸ್ಕೀಟು ಕೊಟ್ಲು. ಆಮ್ಯಾಲೆ ಗಾಡಿ ಬಂತು. ಕೂಲಿ ಮಾಡೋ ಹುಡುಗರು ಅಂತ ಬಳಕೊಂಡು ಹೋದ್ರು. ನನ್ನ ಮೊಮ್ಮಗಳು ಯಂಕಮ್ಮ ಇಟ್ಟಂಗಿ ಮ್ಯಾಲೆ ಕುಂತು ಆಡಾಕತ್ತಿದ್ಲು, ಅಷ್ಟ. ಆ ಆಫೀಸು, ಈ ಆಫೀಸು, ಒಂದು ವರ್ಷ ತಿರುಗಿದಿವಿ. ಕಡೀಕ ಸಿಕ್ಕಾಗ ಹಡದವ್ವನ ಮಾರಿ ನೋಡಿ, ಎವರು ಅಂದ್ಲು. ಯಾರು ಅಂತ, ತೆಲುಗಿನ್ಯಾಗ. ನನ್ನ ಮಗಳು ಅಲ್ಲೇ ಕುಸದು ಕುಂತ್ಲು.”

ಸಾಲಿನ ತುದಿಯಲ್ಲಿದ್ದ ಹುಡುಗಿಯನ್ನು ಮುಂದಕ್ಕೆ ಎಳೆದು ಶಿವದೇವಿಯ ಮುಂದೆ ನಿಲ್ಲಿಸಿದಳು. “ಇಕೀನ ಯಂಕಮ್ಮ. ಈಗ ನಮ್ಮ ಮಾತು ಬರ್ತಾವು. ಅಕ್ಕಗ ಶರಣು ಮಾಡು.”

ಯಂಕಮ್ಮ ಕೈ ಮುಗಿದಳು. ಶಿವದೇವಿ ರಸ್ತೆಯ ಕಡೆ ತಿರುಗಿ ನೋಡಿದಳು, ಇನ್ನೂ ಏನೂ ಕಾಣಲಿಲ್ಲ.

“ಆಯಿ, ಇವರನ್ನ ಗಾಡಿಗೆ ಹತ್ತಸ್ರಿ. ಈಗಿಂದೀಗ. ಎಲ್ಲಿಯಾದರೂ ಕಳಸ್ರಿ.”

“ಯಾಕ?”

“ಜೀಪು ಬರಾಕತ್ತೈತಿ. ಹುಡುಗರನ್ನ ಒಯ್ಯೋ ಜೀಪು. ನಾನ ಹೇಳೀನಿ ಅವರಿಗೆ. ನಾ ತಪ್ಪು ತಿಳ್ಕೊಂಡಿದ್ದೆ ಆಯಿ. ನಿಮ್ಮ ಕಾಲು ಬೀಳ್ತೀನಿ, ಮೊದಲು ಇವರನ್ನ ಕಳಸ್ರಿ.”

ಗದಿಗೆಮ್ಮನ ಮುಖದ ನಗು ಹಾಗೇ ಆರಿತು. ಅವಳು ಶಿವದೇವಿಯ ಕಣ್ಣು, ಬಾಯಿ, ಕೈ ನೋಡಿದಳು. ಬಳಿಗೆ ಬಂದ ಪರಮೇಶ, “ಹೌದೇನ ಆಯಿ, ಗಾಡಿ ಚಾಲು ಮಾಡ್ಲಾ?” ಎಂದ.

“ತಡಿ,” ಎಂದಳು ಗದಿಗೆಮ್ಮ. “ಬಚ್ಚಿಟ್ಟಾಗ ತೋರಸು ಅಂತ ಬಂದ್ಲು. ತೋರಿಸಿದ ಮ್ಯಾಲೆ ಬಚ್ಚಿಡು ಅನ್ನಾಕತ್ತಾಳ. ಯಾಕ? ಇಲ್ಲಿ ನಾವು ಇಷ್ಟು ಮಂದಿ ಅದೀವಿ, ನಮ್ಮ ಕಣ್ಣ ಮುಂದ ಒಯ್ಯಾಕ ಆಗಂಗಿಲ್ಲ. ಗಾಡಿ ಹತ್ತಸಿದರ ರಸ್ತೆದಾಗ ಹಿಡೀತಾರ. ಅವ್ವ ಇಲ್ಲ ಅಪ್ಪ ಇಲ್ಲ, ಒಬ್ಬ ಗಂಡಸು ಇಷ್ಟು ಹುಡುಗರನ್ನ ತುಂಬಕೊಂಡು ಹೊಂಟಾನ. ಆಗ ಅವರಿಗೆ ಛಲೋ ಆತು ನೋಡು.”

“ಇಲ್ಲ ಆಯಿ, ಖರೇ ಹೇಳಾಕತ್ತೀನಿ.”

“ಖರೇನ ಹೇಳ್ತಿರಬೇಕು. ಯಾವುದು ಖರೆ ಅಂತ ನಾ ಹ್ಯಾಂಗ ತಿಳೀಲಿ?”

ಬಂಡೆಗಳ ದಾರಿಯುಂಟು, ಮಕ್ಕಳನ್ನು ಆ ಕಡೆಯಿಂದ ಓಡಿಸಿ ಎಂದಳು ಶಿವದೇವಿ. ಆ ಕಡೆ ಯಾರನ್ನು ನಿಲ್ಲಿಸಿದ್ದಿ ಎಂದು ಗದಿಗೆಮ್ಮ ಕೇಳಿದಳು. ಶಿವದೇವಿ ಅತ್ತುಬಿಟ್ಟಳು. ಅಳುವೂ ಗದಿಗೆಮ್ಮನಿಗೆ ಹೊಸದೊಂದು ಆಟದ ಹಾಗೆಯೇ ಕಂಡಿರಬೇಕು. ತಾಯಂದಿರು ತಮ್ಮ ತಮ್ಮ ಮಕ್ಕಳ ಹಿಂದೆ ಬಂದು ನಿಂತರು, ಅರ್ಧಕ್ಕರ್ಧ ಮಂದಿ ಇನ್ನೂ ಕಟ್ಟಡದ ಮೇಲೆ ಕೆಲಸದಲ್ಲಿದ್ದರು.

ಜೀಪು ಬಂತು. ಒಂದಲ್ಲ, ಎರಡು. ಮುಂದಿನದರಲ್ಲಿ ಪೊಲೀಸಿನವರು, ಹಿಂದಿನದಕ್ಕೆ ಹಸಿರು ಪರದೆ. ಸಂಸ್ಥೆಯ ಹೆಂಗಸು ಇಳಿದು ಸಾಲಾಗಿ ನಿಂತ ಮಕ್ಕಳನ್ನೂ ಟೆಂಪೋವನ್ನೂ ಪರಮೇಶನ ಕನ್ನಡಕವನ್ನೂ ನೋಡಿ ತಲೆಯಾಡಿಸಿದಳು.

ಶಿವದೇವಿ ಅವಳ ಮುಂದೆ ಅಡ್ಡ ನಿಂತು ತೆಲುಗಿನಲ್ಲಿ ಹೇಳಿದಳು: ನಾನು ತಿಳಿದದ್ದು ತಪ್ಪು, ಇವು ದುಡಿಯುವ ಮಕ್ಕಳಲ್ಲ, ಹೆತ್ತವರು ಇಲ್ಲೇ ಇದ್ದಾರೆ. ಆ ಹೆಂಗಸು ತಾಳ್ಮೆಯಿಂದಲೇ ಕೇಳಿಸಿಕೊಂಡಳು. ಕಡೆಯ ಗಳಿಗೆಯಲ್ಲಿ ಎಲ್ಲ ಕಡೆಯೂ ಹೀಗೇ ಆಗುತ್ತದಮ್ಮ, ಮೇಸ್ತ್ರಿ ಹೆದರಿಸಿರುತ್ತಾನೆ ಎಂದಳು. ಹೆತ್ತವರಾದರೆ ಸೋಮವಾರ ಕಾಗದ ಪತ್ರ ತಗೊಂಡು ಆಫೀಸಿಗೆ ಬರಲಿ. ಯಾರ ಹತ್ತಿರ ಯಾವ ಕಾಗದ? ಮಕ್ಕಳು ಹುಟ್ಟಿದ್ದು ಇಂಥವೇ ಜೋಪಡಿಗಳಲ್ಲಿ.

ತಾಯಂದಿರು ಮಕ್ಕಳನ್ನು ಅವಚಿಕೊಂಡರು. ಪೊಲೀಸಿನವರು ಬಿಡಿಸಿದರು. ಪರಮೇಶನನ್ನು ಮುಂದಿನ ಜೀಪಿಗೆ ಹತ್ತಿಸಿದರು. ದೊಡ್ಡವರದ್ದೇ ಕೂಗಾಟ. ಮಕ್ಕಳ ದನಿ ಮಾತ್ರ ಇಲ್ಲವೇ ಇಲ್ಲ. ಈ ಅಕ್ಕ ಬಂದರೆ ಗಾಡಿ ಹತ್ತಬೇಕು, ಹತ್ತಿದ ಮೇಲೆ ಸದ್ದು ಮಾಡಬಾರದು ಎಂದು ಅವಕ್ಕೆ ಕಲಿಸಿ ಆಗಿತ್ತು. ಇವತ್ತು ಗಾಡಿ ಬೇರೆ, ಅಷ್ಟೇ.

ಗದಿಗೆಮ್ಮ ಕೂಗಲಿಲ್ಲ. ಶಿವದೇವಿಯ ಹತ್ತಿರ ಬಂದು ನಿಂತಳು.

“ಖರೇನ ಹೇಳಿದ್ರಿ ನೋಡ್ರಿ ಬಾಯಾರ,” ಎಂದಳು. “ನಾನ ನಂಬಲಿಲ್ಲ.”

ಜೀಪಿನಲ್ಲಿ ಯಂಕಮ್ಮ ಸಣ್ಣವರನ್ನು ಒಳಕ್ಕೆ ಸರಿಸಿ, ಒಂದು ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಹೇಳಿದ ಮಾತು ಎಷ್ಟು ಚೆನ್ನಾಗಿ ಕೇಳುವ ಹುಡುಗಿ ಎಂದು ಸಂಸ್ಥೆಯ ಹೆಂಗಸು ಮೆಚ್ಚಿಕೊಂಡಳು. ಯಂಕಮ್ಮ ತುಟಿಗೆ ಬೆರಳಿಟ್ಟು ಉಳಿದವರಿಗೆ ಸನ್ನೆ ಮಾಡಿ, ಕೈ ಚಾಚಿ ಪರದೆಯನ್ನು ತಾನೇ ಇಳಿಬಿಟ್ಟಳು.