ಕೆಮ್ಮಿದೆಯಾ

ರೋಗದ ಭಯಕ್ಕೆ ಮೈದಾನಕ್ಕೆ ಜನ ಬರುವ ಹಾಗಿಲ್ಲ ಎಂದಾದ ಮೇಲೆ ಜನರ ಸದ್ದು ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಹಳೆಯ ಪಂದ್ಯವೊಂದರ ತುಂಬಿದ ಗ್ಯಾಲರಿಯ ಗದ್ದಲ ರೆಕಾರ್ಡಿನಲ್ಲಿತ್ತು. ಗಾಜಿನ ಕೋಣೆಯಲ್ಲಿ ಒಬ್ಬನೇ ಕೂತು ಅದನ್ನು ಸುತ್ತಲಿನ ಸ್ಪೀಕರುಗಳಿಗೆ ಬಿಡಬೇಕು. ಚೆಂಡು ಗೋಲಿನ ಹತ್ತಿರ ಹೋದರೆ ಸದ್ದು ಏರಿಸಬೇಕು, ಆಟ ಸಪ್ಪೆಯಾದರೆ ಇಳಿಸಬೇಕು.

"ಏನಯ್ಯಾ, ಖಾಲಿ ಕುರ್ಚಿಗಳ ವಕೀಲ," ಎಂದು ಭಾವ ರೇಗಿಸುತ್ತಿದ್ದರು.

ಭಾವ ನಮ್ಮ ತಂಡದ ಗೋಲ್‌ಕೀಪರ್. ಅಭಿಮಾನಿಗಳ ಬಾಯಲ್ಲಿ ಅವರು ‘ಗೋಡೆ’. ಅಕ್ಕ ಮಾತ್ರ ಮನೆಯಲ್ಲಿ ಏನಾದರೂ ಅವರ ಕೈಜಾರಿ ಬಿದ್ದಾಗಲೆಲ್ಲ, "ನೋಡಪ್ಪಾ ನಿಮ್ಮ ಗೋಡೆ," ಎನ್ನುತ್ತಿದ್ದಳು. ಅಕ್ಕನಿಗೆ ದಿನ ತುಂಬಿತ್ತು. ಇವತ್ತೋ ನಾಳೆಯೋ ಎಂದು ಆಸ್ಪತ್ರೆಯ ಚೀಲ ಬಾಗಿಲ ಹಿಂದೆ ಸಿದ್ಧವಾಗಿ ಕೂತಿತ್ತು.

ಆ ದಿನ ಬೆಳಿಗ್ಗೆ ಭಾವ ಬೂಟಿನ ದಾರ ಕಟ್ಟುತ್ತಿದ್ದಾಗ ಅವಳು ಕೇಳಿದಳು: "ಆಡೋದು ಸೇಫೇನ್ರೀ?"

"ಟೆಸ್ಟ್ ಮಾಡಿದ್ದಾರೆ. ಬಸ್ಸಲ್ಲಿ ಒಬ್ಬೊಬ್ಬರನ್ನೇ ಕೂರಿಸ್ತಾರೆ. ಕೈ ಕುಲುಕೋ ಹಾಗಿಲ್ಲ. ಯಾರಾದ್ರೂ ಕೆಮ್ಮಿದ್ರೆ ಆಟ ನಿಲ್ಲಿಸಿ ಸೀದಾ ಬೇರೆ ರೂಮು."

"ಕಾರ್ನರ್ ಕಿಕ್ ಹೊಡೆದಾಗ?"

"ಆಗ ಎಲ್ಲಾ ಒಬ್ಬರ ಮೇಲೊಬ್ಬರು ಬೀಳ್ತೀವಿ."

"ಅಷ್ಟು ಹೊತ್ತು ರೋಗ ಎಲ್ಲಿರುತ್ತೆ?"

"ಲೈನ್ಸ್‌ಮನ್ ಪಕ್ಕದಲ್ಲಿ ನಿಂತಿರುತ್ತೆ," ಎಂದರು ಭಾವ. ಅಕ್ಕ ನಗಲಿಲ್ಲ. ನನ್ನ ಕಡೆ ತಿರುಗಿ, "ನೀನಾದ್ರೂ ಹೇಳೋ," ಎಂದಳು. ನನಗೇನು ಗೊತ್ತು? ಸೇಫ್ ಎನ್ನುವವರ ಮಾತು ಕೇಳಿದರೆ ಅದೇ ಸರಿ ಅನ್ನಿಸುತ್ತಿತ್ತು, ಅಲ್ಲ ಎನ್ನುವವರದ್ದು ಕೇಳಿದರೆ ಅದೂ ಸರಿಯೇ. ಕೊನೆಗೆ ಅವಳೇ, "ಸಾಯಂಕಾಲ ಇಬ್ಬರೂ ನೆಟ್ಟಗೆ ಮನೆಗೆ ಬನ್ನಿ," ಎಂದಳು.

ತಾತನ ಪದ್ಯ ಕೇಳಿಕೊಂಡು ಬೆಳೆದವನು ನಾನು. ಪದದ ಅರ್ಥ ತಿಳಿಯುವ ಮೊದಲೇ ತಾತ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಎಂಬುದು ನನಗೆ ತಿಳಿಯುತ್ತಿತ್ತು. ಈ ಗದ್ದಲವೂ ಹಾಗೇ ಬಾಯಿಪಾಠವಾಗಿತ್ತು. ಎಲ್ಲಿ ‘ಓ’ ಎಂದು ಏಳುತ್ತದೆ, ಎಲ್ಲಿ ಸಾವಿರ ಎದೆಗಳು ಒಟ್ಟಿಗೆ ಬರಿದಾಗುತ್ತವೆ, ಎಲ್ಲಿ ಒಬ್ಬ ಮುದುಕ ರೆಫರಿಯನ್ನು ಬೈಯುತ್ತಾನೆ, ಎಲ್ಲ.

ಆಟದ ಎರಡನೇ ಅರ್ಧ. ಎದುರಾಳಿಗಳು ನುಗ್ಗಿ ಬಂದರು. ನಾನು ಸದ್ದು ಏರಿಸಿದೆ. ಭಾವ ಹಾರಿ ಚೆಂಡನ್ನು ಎದೆಗೆ ಅವುಚಿಕೊಂಡು ಬಿದ್ದರು. ಗದ್ದಲ ತಗ್ಗಿದ ಕ್ಷಣಕ್ಕೆ ಗೋಲಿನ ಕಡೆಯಿಂದ ಒಂದು ಕೆಮ್ಮು ಕೇಳಿಸಿತು. ಒಣ ಕೆಮ್ಮು. ಖಾಲಿ ಗ್ಯಾಲರಿಗೆ ಬಡಿದು ಅದು ಮತ್ತೊಂದು ಸಲ ಕೆಮ್ಮಿತು.

ರೆಫರಿ ಸೀಟಿ ಊದಿದ. ಭಾವನ ಸುತ್ತ ನಿಂತಿದ್ದವರು ಹಿಂದೆ ಹಿಂದೆ ಸರಿದರು. ಗೋಲಿನ ಬೆನ್ನಿಗೇ ನನ್ನ ದೊಡ್ಡ ಸ್ಪೀಕರು. ಗಾಬರಿಯಲ್ಲಿ ನಾನು ಎಲ್ಲವನ್ನೂ ಆರಿಸಿಬಿಟ್ಟೆ. ಆ ಮೌನದಲ್ಲಿ ಮೇಜಿನ ಮೇಲಿನ ವಾಕಿಟಾಕಿ ಗರಗರ ಎಂದಿತು. ತಂಡದ ಡಾಕ್ಟರಮ್ಮನ ದನಿ.

"ಕೆಮ್ಮಿದೆಯಾ?"

ಬೆಳಿಗ್ಗೆ ಗೇಟಿನಲ್ಲಿ ಚಹಾ ನೆತ್ತಿಗೇರಿ ನಾನು ಕೆಮ್ಮಿದ್ದನ್ನು ಕಾವಲುಗಾರ ನೋಡಿದ್ದ. ಅವನು ಹೇಳಿಬಿಟ್ಟಿರಬೇಕು, ಅದಕ್ಕೇ ಈಗ ನನ್ನನ್ನೇ ವಿಚಾರಿಸುತ್ತಿದ್ದಾರೆ ಎಂದುಕೊಂಡೆ. ಏಕವಚನದಲ್ಲಿ ಬೇರೆ. ಸಿಟ್ಟಿರಬೇಕು.

"ಇಲ್ಲ," ಎಂದೆ. "ಖಂಡಿತ ಇಲ್ಲ."

"ಸರಿಯಾಗಿ ಗೊತ್ತಾ?"

"ನನ್ನಾಣೆ ಇಲ್ಲ ಡಾಕ್ಟರಮ್ಮ."

ಕೆಳಗೆ ಡಾಕ್ಟರಮ್ಮ ರೆಫರಿಗೆ ಏನೋ ಹೇಳಿದರು. ಭಾವ ಕೈಗವಸು ಅಲ್ಲಾಡಿಸುತ್ತಾ, "ಕೆಮ್ಮಿಲ್ಲ, ನಂಗೆ ಕೆಮ್ಮಿಲ್ಲ," ಎನ್ನುತ್ತಿದ್ದರು. ಸದ್ದಿಲ್ಲದ ಮೈದಾನದಲ್ಲಿ ಅದು ನನ್ನ ಗಾಜಿನವರೆಗೂ ಬಂತು. ಆದರೂ ಅವರನ್ನು ಹೊರಗೆ ಕರೆದುಕೊಂಡು ಹೋದರು. ಬೇರೆ ಗೋಲ್‌ಕೀಪರ್ ಬಂದ. ನಾನು ಮತ್ತೆ ಜನರನ್ನು ಕಿರುಚಿಸಬೇಕಾಯಿತು. ನಾವು ಗೆದ್ದೆವೋ ಸೋತೆವೋ ಆಮೇಲೆ ಯಾರನ್ನೋ ಕೇಳಿ ತಿಳಿದುಕೊಂಡೆ.

ಪಂದ್ಯ ಮುಗಿದ ಮೇಲೆ ಡಾಕ್ಟರಮ್ಮ ಗಾಜಿನಾಚೆ ಬಂದು ನಿಂತರು. ಮಾಸ್ಕಿನ ಮೇಲೆ ಕಣ್ಣುಗಳಷ್ಟೇ ಕಾಣುತ್ತಿದ್ದವು.

"ನಿಮ್ಮ ಭಾವನ ವಿಷಯ, ಬೇಜಾರು ಮಾಡ್ಕೋಬೇಡಿ. ರೆಕಾರ್ಡಲ್ಲಿ ಕೆಮ್ಮಿಲ್ಲ ಅಂತ ನೀವು ಅಷ್ಟು ಗಟ್ಟಿಯಾಗಿ ಹೇಳಿದ ಮೇಲೆ ನಾನೇನು ಮಾಡೋಕಾಗುತ್ತೆ?"

"ರೆಕಾರ್ಡಲ್ಲಾ?"

"ಮತ್ತೆ ನಾನು ಕೇಳಿದ್ದೇನು? ಕೆಮ್ಮಿದೆಯಾ, ಕೆಮ್ಮು ಇದೆಯಾ ಅಂತ ತಾನೆ?"

ನನ್ನನ್ನು ಅವರು ಯಾವತ್ತೂ ನೀವು ಎಂದೇ ಮಾತಾಡಿಸಿದವರು. ನನ್ನನ್ನೇ ಕೇಳುವುದಾಗಿದ್ದರೆ ‘ಕೆಮ್ಮಿದಿರಾ’ ಎನ್ನುತ್ತಿದ್ದರು. ದೇವರೇ, ಅಕ್ಷರಕ್ಕೆ ಅಕ್ಷರ ಕೇಳಿಸಿಕೊಂಡಿದ್ದೆ. ಮಾತು ಮಾತ್ರ ಬೇರೆಯದೇ ಆಗಿತ್ತು.

"ನೀನು ಕೆಮ್ಮಿದ್ಯಾ ಅಂತ ನನ್ನನ್ನೇ ಕೇಳಿದ್ರಿ ಅಂದ್ಕೊಂಡೆ."

ಡಾಕ್ಟರಮ್ಮ ಹಣೆ ಒತ್ತಿಕೊಂಡರು. "ನಿಮ್ಮನ್ನು ಯಾಕ್ರೀ ಕೇಳಲಿ? ನೀವು ಗಾಜಿನೊಳಗಿದ್ದೀರಿ." ಸ್ವಲ್ಪ ತಡೆದು, "ಸರಿ, ಈಗ ಹಾಕಿ. ಕೇಳೋಣ. ಅದು ರೆಕಾರ್ಡಿಂದ ಬಂದದ್ದು ಅಂತ ನೀವು ತೋರಿಸಿದ್ರೆ ಅವರನ್ನು ಈಗಲೇ ಮನೆಗೆ ಬಿಡ್ತೀನಿ," ಎಂದರು.

ಹಾಕಿದೆ. ಗದ್ದಲ ಎದ್ದಿತು, ಇಳಿಯಿತು. ಇಳಿದಲ್ಲಿ ಒಂದು ಕೆಮ್ಮು. ಡಾಕ್ಟರಮ್ಮ ಬೆರಳೆತ್ತಿದರು. ಆಚೆಗೆ ಇನ್ನೊಂದು, ಹೆಂಗಸಿನದು. ಮುದುಕ ಬೈಯುವ ಮೊದಲು ಗಂಟಲು ಸರಿಮಾಡಿಕೊಂಡ. ಮಗುವೊಂದು ಕೆಮ್ಮಿತು. ಬಾಯಿಪಾಠ ಎಂದುಕೊಂಡಿದ್ದ ಗದ್ದಲದ ತುಂಬ ಕೆಮ್ಮೇ ಕೆಮ್ಮು. ಆಗ ಕೆಮ್ಮಿಗೆ ಯಾರೂ ಕಿವಿ ಕೊಡುತ್ತಿರಲಿಲ್ಲ, ಜನ ಹಾಯಾಗಿ ಕೆಮ್ಮಿಕೊಂಡು ಆಟ ನೋಡಿದ್ದರು.

"ಇದರಲ್ಲಿ ಯಾವುದು?" ಎಂದರು ಡಾಕ್ಟರಮ್ಮ.

ಭಾವ ಹಾರಿದಾಗ ರೆಕಾರ್ಡು ಯಾವ ಜಾಗದಲ್ಲಿ ಓಡುತ್ತಿತ್ತು? ನನ್ನ ಕಣ್ಣು ಭಾವನ ಮೇಲಿತ್ತು. ಆರಿಸಿದ ಕೂಡಲೇ ರೆಕಾರ್ಡು ಮತ್ತೆ ಮೊದಲಿಗೆ ಹೋಗಿಬಿಟ್ಟಿತ್ತು. ಒಂದು ಕೆಮ್ಮು ಅದೇ ಎನ್ನಿಸಿತು. ಎರಡನೇ ಸಲ ಹಾಕಿದಾಗ ಅದಲ್ಲ ಎನ್ನಿಸಿತು. ‘ಇದೇ’ ಎಂದು ಒಂದು ಮಾತು ಹೇಳಿದರೆ ಸಾಕು, ಭಾವ ಮನೆಯಲ್ಲಿರುತ್ತಾರೆ, ಅಕ್ಕನ ಪಕ್ಕದಲ್ಲಿ. ಆ ಕೆಮ್ಮು ಅವರದೇ ಆಗಿದ್ದರೆ ಅದೂ ಅಕ್ಕನ ಪಕ್ಕದಲ್ಲೇ ಇರುತ್ತದೆ.

"ಗೊತ್ತಾಗ್ತಿಲ್ಲ," ಎಂದೆ.

ಅವರು ತಲೆಯಾಡಿಸಿ ಹೋದರು.

ಆಮೇಲೆ ಭಾವನ ಫೋನು ಬಂತು. "ನಿನ್ನ ಮಾತಿನ ಮೇಲೆ ನಿಂತಿತ್ತಂತಲ್ಲೋ. ಏನಂದೆ?"

"ಗೊತ್ತಿಲ್ಲ ಅಂದೆ ಭಾವ."

ಆ ಕಡೆ ಬಾಗಿಲೊಂದು ಮುಚ್ಚಿದ ಸದ್ದು. ಕಾದೆ. ಬೈದರೆ ಬೈಸಿಕೊಳ್ಳೋಣ ಎಂದಿದ್ದೆ.

"ನೀವೇ ಕೂಗಿ ಹೇಳಿದ್ರಲ್ಲ, ಕೆಮ್ಮಿಲ್ಲ ಅಂತ," ಎಂದೆ.

"ಹೂಂ, ನಂಗೆ ಕೆಮ್ಮಿಲ್ಲ ಅಂದೆ. ಕೆಮ್ಮು, ಜ್ವರ, ಏನೂ ಇಲ್ಲ ಅಂತ. ಆಗ ಕೆಮ್ಮಿದ್ನಾ ಅಂತ ಕೇಳಿದ್ರೆ..." ಭಾವ ನಿಲ್ಲಿಸಿದರು. "ಚೆಂಡು ಎದೆಗೆ ಬಡಿದಿತ್ತು ಕಣೋ. ಕೆಮ್ಮಿದ್ರೂ ಕೆಮ್ಮಿರಬಹುದು. ನಂಗೂ ಗೊತ್ತಿಲ್ಲ."

ಆಮೇಲೆ ಭಾವ ಸಣ್ಣಗೆ ನಕ್ಕರು. "ಅವಳಿಗೆ ನಾನೇ ಹೇಳ್ತೀನಿ," ಎಂದು ಫೋನಿಟ್ಟರು.

ಬಟ್ಟೆ ಬದಲಿಸಿ, ಕೈ ತೊಳೆದು, ತೊಳೆದದ್ದು ಸಾಲದೇನೋ ಎಂದು ಮತ್ತೆ ತೊಳೆದು ಮನೆಗೆ ಬಂದೆ. ಬಾಗಿಲು ಅರ್ಧ ತೆರೆದಿತ್ತು. ಅಕ್ಕ ಒಂದು ಕೈ ಸೊಂಟಕ್ಕೆ, ಇನ್ನೊಂದು ಬಾಗಿಲಿಗೆ ಕೊಟ್ಟು ನಿಂತಿದ್ದಳು. ಚೀಲ ಅವಳ ಕಾಲ ಬಳಿ ಇತ್ತು. ಅತ್ತಿದ್ದಳೋ ಏನೋ, ಮುಖ ತೊಳೆದಿದ್ದಳು.

"ನೋವು ಶುರುವಾಗಿದೆ. ಆಟೋ ಬರ್ತಿದೆ," ಎಂದಳು. "ಅವರು ಬರೋ ಹಾಗಿಲ್ಲ. ನೀನೇ ಬರಬೇಕು."

"ಬರ್ತೀನಿ ಅಕ್ಕ."

ಚೀಲ ಎತ್ತಿಕೊಳ್ಳಲು ಬಗ್ಗಿದೆ. ಅವಳು ಕೈ ಅಡ್ಡ ಹಿಡಿದು, ನನ್ನ ಮುಖವನ್ನೇ ನೋಡುತ್ತಾ ಕೇಳಿದಳು:

"ಕೆಮ್ಮಿದೆಯಾ?"

ಅಕ್ಕ ನನ್ನನ್ನು ಹುಟ್ಟಿದಂದಿನಿಂದ ಏಕವಚನದಲ್ಲೇ ಕರೆದವಳು. ಅವಳು ಕೇಳಿದ್ದು ಯಾವುದು ಎಂದು ತಿಳಿಯಲು ದಾರಿಯೇ ಇರಲಿಲ್ಲ. ಬೆಳಗಿನ ಚಹಾ ನೆನಪಾಯಿತು. ಹೊರಗೆ ಆಟೋ ಬಂದು ನಿಂತ ಸದ್ದು. ನಾನು ಉಸಿರು ಹಿಡಿದು, ಉತ್ತರ ಕೊಡುವ ಮೊದಲು, ನನ್ನ ಗಂಟಲಿಗೇ ಕಿವಿಗೊಟ್ಟು ನಿಂತೆ.